ಹಸಿ ಮೇವು ಕುರಿಗೆ ಎಷ್ಟು ಅರಗುತ್ತದೆ? ತೂಗಿ ನೋಡುವ ಕ್ರಮ

ಕುರಿಗೆ ಹಸಿ ಮೇವು ಒಳ್ಳೆಯದೆಂಬ ಮಾತನ್ನು ನಮ್ಮ ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾದ ಅವಶ್ಯಕತೆಯಿಲ್ಲ. ಆದರೆ ಯಾವ ಮೇವು, ಎಷ್ಟು ದಿನದ ಬೆಳೆ, ಎಷ್ಟರ ಮಟ್ಟಿಗೆ ಒಳ್ಳೆಯದು ಎಂದು ಕೇಳಿದರೆ ಹಟ್ಟಿಗೊಂದು ಉತ್ತರ ಬರುತ್ತದೆ. ಮುಂಡರಗಿ ಕಡೆಯ ಎರೆ ಹೊಲದವರು ಹಸಿ ಜೋಳದ ದಂಟಿಗೆ ಸಮನಾದದ್ದಿಲ್ಲ ಎನ್ನಬಹುದು. ಶಿರಹಟ್ಟಿ, ಲಕ್ಷ್ಮೇಶ್ವರದ ಮಸಾರಿ ಹೊಲದವರು ಶೇಂಗಾ ಬಳ್ಳಿಯನ್ನು ಹೊಗಳಬಹುದು. ತುಂಗಭದ್ರೆಯ ದಂಡೆಯಲ್ಲಿ ನೀರಿನ ಅನುಕೂಲವಿದ್ದವರು ನೇಪಿಯರ್ ಹುಲ್ಲನ್ನೋ ಕುದುರೆ ಮಸಾಲೆಯನ್ನೋ ತೋರಿಸಬಹುದು. ಬೀಜ ಮತ್ತು ಹುಲ್ಲಿನ ಕಡ್ಡಿ ಮಾರುವವರಂತೂ ತಮ್ಮ ಸರಕೇ ಎಲ್ಲಕ್ಕೂ ಮೇಲೆಂದು ಹೇಳುತ್ತಾರೆ.

ಇದು ಬರಿಯ ಚರ್ಚೆಯ ಮಾತಲ್ಲ. ಊರ ಗಾಯರಾಣಗಳು ಕಿರಿದಾಗಿವೆ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಹೀಗಾಗಿ ಟಗರು ಮರಿಗಳನ್ನು ಕೊಂಡು, ಕಟ್ಟಿ ಮೇಯಿಸಿ, ಬಕ್ರೀದಿಗೋ ಜಾತ್ರೆಗೋ ಮಾರುವವರಿಗೆ ಬೆಳೆದ ಮೇವೇ ಆಧಾರ. ನೇಪಿಯರ್‌ನಂಥ ಹುಲ್ಲನ್ನು ಒಮ್ಮೆ ಊರಿದರೆ ನಾಲ್ಕೈದು ವರ್ಷ ಅದೇ ನೆಲದಲ್ಲಿ ಉಳಿಯುತ್ತದೆ. ಅರ್ಧ ಎಕರೆ ನೀರಾವರಿ ನೆಲವನ್ನು ಅಷ್ಟು ವರ್ಷ ಒಂದು ಹುಲ್ಲಿಗೆ ಒಪ್ಪಿಸುವ ಮೊದಲು, ಅದು ಕುರಿಯ ಮೈಗೆ ಎಷ್ಟು ಹತ್ತುತ್ತದೆ, ಎಷ್ಟು ಹಿಕ್ಕೆಯಾಗಿ ಹೊರಗೆ ಬೀಳುತ್ತದೆ ಎಂಬುದನ್ನು ತಿಳಿಯುವುದು ಲಾಭದ ಮಾತು.

ತತ್ವ ಬಹಳ ಸರಳ. ಕುರಿ ತಿಂದದ್ದನ್ನು ತೂಗಬೇಕು, ಹಿಕ್ಕೆಯಾಗಿ ಹೊರಬಂದದ್ದನ್ನು ತೂಗಬೇಕು. ಒಳಗೆ ಹೋದುದರಲ್ಲಿ ಹೊರಗೆ ಬಂದುದನ್ನು ಕಳೆದರೆ ಉಳಿದದ್ದು ಅರಗಿದ್ದು. ಜರ್ಮನಿಯ ವೇಂಡೆ ಎಂಬಲ್ಲಿನ ಪ್ರಯೋಗ ಕ್ಷೇತ್ರದಲ್ಲಿ 1860ರ ಸುಮಾರಿಗೆ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬ ಇಬ್ಬರು ಇಂಥ ಕೆಲಸಕ್ಕೆ ಒಂದು ಕ್ರಮ ಹಾಕಿಕೊಟ್ಟರು. ನಮ್ಮ ದೇಶದಲ್ಲಿ 1920ರ ದಶಕದಲ್ಲಿ ಬೆಂಗಳೂರಿನಲ್ಲಿ ವಾರ್ತ್ ಎಂಬ ರಸಾಯನಶಾಸ್ತ್ರಜ್ಞರು ದನಗಳ ಮೇವಿನ ಮೇಲೆ ಇದೇ ಬಗೆಯ ಪ್ರಯೋಗ ನಡೆಸಿದರು. ಈಗ ಬೆಂಗಳೂರಿನಲ್ಲಿ ಪಶು ಪೋಷಣೆಗೆಂದೇ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯಿದೆ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಶಾಖೆ ನಮ್ಮ ಪಕ್ಕದ ಧಾರವಾಡದಲ್ಲಿಯೇ ಇದೆ.

ತತ್ವ ಸರಳವಾದರೂ ಕೆಲಸದಲ್ಲಿ ತಪ್ಪು ನುಗ್ಗುವ ಬಾಗಿಲುಗಳು ಬಹಳ. ಒಣ ಮೇವಾದರೆ ಅಷ್ಟು ತೊಂದರೆಯಿಲ್ಲ. ಕಣಕಿಯ ಬಣವೆಯಿಂದ ಇಂದು ಹಿರಿದದ್ದೂ ತಿಂಗಳ ಮೇಲೆ ಹಿರಿದದ್ದೂ ಹೆಚ್ಚುಕಡಿಮೆ ಒಂದೇ. ಹಸಿ ಮೇವು ಹಾಗಲ್ಲ, ಅದು ದಿನ ದಿನಕ್ಕೆ, ಹೊತ್ತು ಹೊತ್ತಿಗೆ ಬದಲಾಗುತ್ತದೆ. ಆದುದರಿಂದ ಹಸಿ ಮೇವಿನ ಪ್ರಯೋಗವನ್ನು ಬೇರೆ ರೀತಿಯಿಂದಲೇ ಹೂಡಬೇಕಾಗುತ್ತದೆ.

ಮೊದಲು ನೀರಿನ ಲೆಕ್ಕ

ಎಳೆಯ ಹಸಿ ಮೇವಿನಲ್ಲಿ ನೂರಕ್ಕೆ 75ರಿಂದ 85ರಷ್ಟು ನೀರೇ ಇರುತ್ತದೆ. ಐದು ಕಿಲೋ ಮೇವು ಹಾಕಿದೆವೆಂದರೆ ನಾಲ್ಕು ಕಿಲೋ ನೀರನ್ನೂ ಒಂದು ಕಿಲೋ ಒಣ ಪದಾರ್ಥವನ್ನೂ ಹಾಕಿದಂತೆ. ಕುರಿಯ ಮೈ ತುಂಬುವುದು ಆ ಒಂದು ಕಿಲೋದಿಂದ. ಆದ್ದರಿಂದ ಎಲ್ಲ ತೂಕಗಳನ್ನೂ ಒಣ ಪದಾರ್ಥಕ್ಕೆ ಇಳಿಸಿಯೇ ಲೆಕ್ಕ ಮಾಡತಕ್ಕದ್ದು.

ತಿಳಿಯುವುದಕ್ಕಾಗಿ ಒಂದು ಲೆಕ್ಕ ನೋಡೋಣ. ಮೂವತ್ತು ಕಿಲೋ ತೂಗುವ ಟಗರಿಗೆ ದಿನಕ್ಕೆ 5 ಕಿಲೋ ಹಸಿ ಮೇವು ಹಾಕಿದೆವು. ಮೇವಿನಲ್ಲಿ ಒಣ ಪದಾರ್ಥ ನೂರಕ್ಕೆ 20 ಇದ್ದರೆ, ಹಾಕಿದ ಒಣ ಪದಾರ್ಥ 1000 ಗ್ರಾಂ. ಮರುದಿನ ಬೆಳಿಗ್ಗೆ ಗ್ವಾದಲಿಯಲ್ಲಿ 500 ಗ್ರಾಂ ಉಳಿದಿದೆ. ಉಳಿದದ್ದು ಬಾಡಿದ ದಂಟು, ಅದರಲ್ಲಿ ಒಣ ಪದಾರ್ಥ ನೂರಕ್ಕೆ 25, ಅಂದರೆ 125 ಗ್ರಾಂ. ಟಗರು ತಿಂದದ್ದು 875 ಗ್ರಾಂ. ಅದು ಹಾಕಿದ ಹಸಿ ಹಿಕ್ಕೆ ಒಂದು ಕಿಲೋ, ಅದರಲ್ಲಿ ಒಣ ಪದಾರ್ಥ ನೂರಕ್ಕೆ 30, ಅಂದರೆ 300 ಗ್ರಾಂ. 875ರಲ್ಲಿ 300 ಕಳೆದರೆ 575 ಗ್ರಾಂ ಅರಗಿದೆ. ನೂರಕ್ಕೆ ಸುಮಾರು 66 ಆಯಿತು.

ಇದನ್ನೇ ಹಸಿ ತೂಕದಲ್ಲಿ ಲೆಕ್ಕ ಹಾಕಿದವನು ನಾಲ್ಕೂವರೆ ಕಿಲೋ ತಿಂದು ಒಂದು ಕಿಲೋ ಹಾಕಿತು, ನೂರಕ್ಕೆ 78 ಅರಗಿತು ಎಂದು ಸಂತೋಷಪಡುತ್ತಾನೆ. ಆ ಸಂತೋಷ ಬರೀ ನೀರಿನದು.

ಇನ್ನೂ ಸೂಕ್ಷ್ಮವಾದ ತಪ್ಪು ಒಂದುಂಟು. ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಮೇವನ್ನು ತೂಗಿ ಹಾಕಿ, ಒಣ ಪದಾರ್ಥ ನೋಡುವ ಮಾದರಿಯನ್ನು ಮಾತ್ರ ಮಧ್ಯಾಹ್ನ ತೆಗೆದರೆಂದು ಇಟ್ಟುಕೊಳ್ಳಿ. ತೂಗಿದ ಹೊತ್ತಿನಲ್ಲಿ ಒಣ ಪದಾರ್ಥ ನೂರಕ್ಕೆ 17ರಷ್ಟೇ ಇತ್ತು, ಮಾದರಿ ಮಾತ್ರ 20 ತೋರಿಸಿತು. ನಿಜವಾಗಿ ಟಗರು ತಿಂದದ್ದು 725 ಗ್ರಾಂ, ಅರಗಿದ್ದು 425 ಗ್ರಾಂ, ಅಂದರೆ ನೂರಕ್ಕೆ 59ಕ್ಕಿಂತ ಕಡಿಮೆ. ಕಾಗದದ ಮೇಲೆ ಮಾತ್ರ 66! ಟಗರು ಅದೇ, ಹುಲ್ಲು ಅದೇ. ಎರಡು ಬಗೆಯ ಹುಲ್ಲುಗಳ ನಡುವೆ ಇರುವ ನಿಜವಾದ ಅಂತರವೇ ಎಷ್ಟೋ ವೇಳೆ ಇಷ್ಟಿರುವುದಿಲ್ಲ. ಆದುದರಿಂದ ಮೇವು ತೂಗಿದ ಕ್ಷಣದಲ್ಲಿಯೇ, ಅದೇ ರಾಶಿಯಿಂದ, ಹಾಕಿದ ಪ್ರತಿ ಹೊತ್ತಿಗೂ ಮಾದರಿ ತೆಗೆಯಬೇಕು. ವಾರಕ್ಕೊಮ್ಮೆ ತೆಗೆದ ಮಾದರಿ ನಡೆಯುವುದಿಲ್ಲ.

ಪ್ರಯೋಗ ಶಾಲೆಯಲ್ಲಿ ಮಾದರಿಯನ್ನು ನೂರು ಡಿಗ್ರಿಗಿಂತ ತುಸು ಹೆಚ್ಚಿನ ಶಾಖದ ಪೆಟ್ಟಿಗೆಯಲ್ಲಿ ಒಣಗಿಸುತ್ತಾರೆ. ಹಳ್ಳಿಯಲ್ಲಿ ಬಿಸಿಲೇ ಸಾಕಾಗುತ್ತದೆ. ಒಂದು ಕಿಲೋ ಮೇವನ್ನು ಸಣ್ಣಗೆ ಕತ್ತರಿಸಿ ತಾಟಿನಲ್ಲಿ ತೆಳ್ಳಗೆ ಹರವಿ, ಗಾಳಿಗೆ ಹಾರದಂತೆ ಕೋಳಿ ಕೆದರದಂತೆ ನೋಡಿಕೊಂಡು, ಎರಡು ದಿನ ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸಬೇಕು. ಬಿಸಿಲಲ್ಲಿ ಒಣಗಿದ್ದರಲ್ಲಿ ನೂರಕ್ಕೆ ಸುಮಾರು 10ರಷ್ಟು ತೇವ ಉಳಿದೇ ಉಳಿಯುತ್ತದೆ. ಆದರೆ ಮೇವು, ಗ್ವಾದಲಿಯ ಉಳಿಕೆ, ಹಿಕ್ಕೆ ಮೂರನ್ನೂ ಒಂದೇ ಹದಕ್ಕೆ ಒಣಗಿಸಿದರೆ ಆ ತೇವ ಎಲ್ಲ ಕಡೆಗೂ ಸಮನಾಗಿ ಬಿದ್ದು, ನೂರಕ್ಕೆ ಎಷ್ಟು ಎಂಬ ಲೆಕ್ಕ ಕೆಡುವುದಿಲ್ಲ. ಮಳೆಗಾಲದಲ್ಲಿ ಈ ಉಪಾಯ ನಡೆಯದು.

ಮೇವು ಕಾಯುವುದಿಲ್ಲ

ಇಂಥ ಪ್ರಯೋಗಕ್ಕೆ ಮೂರು ವಾರಕ್ಕಿಂತ ಹೆಚ್ಚು ದಿನ ಬೇಕು. ಕುರಿಯ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಕೊಳೆಸಿ ಒಡೆಯುವ ಕೆಲಸ ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ಕಣಕಿಗೆ ಹೊಂದಿಕೊಂಡಿದ್ದ ಈ ಜೀವಿಗಳ ಬಳಗ ಹಸಿ ಮೇವಿಗೆ ಹೊಂದಿಕೊಳ್ಳಲು ಎರಡು ವಾರ ಹಿಡಿಯುತ್ತದೆ. ಆ 14 ದಿನ ಮೇವನ್ನು ಹಾಕುತ್ತ ಹೋಗುವುದು, ಲೆಕ್ಕಕ್ಕೆ ಹಿಡಿಯದಿರುವುದು. ಆಮೇಲಿನ 7 ದಿನ ತೂಗುವ ದಿನಗಳು. ಮೇವು ಬದಲಿಸಿದ ಎರಡನೆಯ ದಿನವೇ ಹಿಕ್ಕೆ ತೂಗಿ ನಿರ್ಣಯ ಹೇಳುವುದು ಶುದ್ಧ ದುಡುಕು.

ಆದರೆ ಹೊಲದಲ್ಲಿ ನಿಂತ ಹುಲ್ಲು ಈ ಮೂರು ವಾರ ಸುಮ್ಮನಿರುವುದಿಲ್ಲ. ಮೊದಲ ದಿನ ಎಲೆಯೇ ಎಲೆಯಾಗಿದ್ದದ್ದು ಕೊನೆಯ ದಿನಕ್ಕೆ ದಂಟು ಬಲಿತು, ನಾರು ಹೆಚ್ಚಿ, ತೆನೆ ಹೊರಟಿರುತ್ತದೆ. ಎಳೆಯ ಹಸಿ ಮೇವು ನೂರಕ್ಕೆ 65–70ರಷ್ಟು ಅರಗಿದರೆ, ಬಲಿತು ಒಣಗಿದ ಕಣಕಿ ಅರ್ಧದಷ್ಟು ಅರಗಿದರೆ ಹೆಚ್ಚು. ಅಂದರೆ ಪ್ರಯೋಗದ ಆರಂಭದ ಮೇವು ಬೇರೆ, ಕೊನೆಯ ಮೇವು ಬೇರೆ ಆಗುತ್ತದೆ. ಎರಡು ಹುಲ್ಲುಗಳನ್ನು ಹೋಲಿಸುವಾಗ ಒಂದನ್ನು ಎಳೆಯದಾಗಿಯೂ ಇನ್ನೊಂದನ್ನು ಬಲಿತದ್ದಾಗಿಯೂ ಕೊಯ್ದರೆ, ನಾವು ಅಳೆದದ್ದು ಹುಲ್ಲಿನ ಜಾತಿಯನ್ನಲ್ಲ, ಅದರ ವಯಸ್ಸನ್ನು. ಮಾರುವವರು ತೋರಿಸುವ ಹೋಲಿಕೆಗಳಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ: ಎರಡೂ ಎಷ್ಟು ದಿನದ ಬೆಳೆ?

ದೊಡ್ಡ ಸಂಸ್ಥೆಗಳಲ್ಲಿ ಬೇಕಾದ ಮೇವನ್ನೆಲ್ಲ ಒಂದೇ ದಿನ ಕೊಯ್ದು ಹೆಪ್ಪುಗಟ್ಟಿಸಿ ಇಡುವುದುಂಟು. ನಮಗೆ ಅದು ಆಗದ ಮಾತು. ಅದಕ್ಕೆ ಬದಲು ಪಟ್ಟೆಗಳ ಉಪಾಯವಿದೆ. ನೇಪಿಯರ್ ಹೊಲವನ್ನು ಎಂಟು ಪಟ್ಟೆ ಮಾಡಿ, ಮೂರು ದಿನಕ್ಕೊಂದು ಪಟ್ಟೆಯಂತೆ ನೆಲಮಟ್ಟಕ್ಕೆ ಕೊಯ್ದು ಬಿಡಬೇಕು. ಮೊದಲ ಪಟ್ಟೆ ಮರಳಿ ಚಿಗಿತು 40 ದಿನವಾದಾಗ ಅದರಿಂದ ಪ್ರಯೋಗ ಆರಂಭ. ಮೂರು ದಿನದ ಮೇಲೆ ಎರಡನೆಯ ಪಟ್ಟೆಯೂ 40 ದಿನದ್ದಾಗಿರುತ್ತದೆ. ಹೀಗೆ 24 ದಿನವೂ ಸರಿಸುಮಾರು ಒಂದೇ ವಯಸ್ಸಿನ ಮೇವು ಸಿಗುತ್ತದೆ. ನಾಲ್ಕು ಟಗರಿಗೆ ದಿನಕ್ಕೆ ಐದೈದು ಕಿಲೋದಂತೆ ಎಲ್ಲ ಸೇರಿ 5 ಕ್ವಿಂಟಲ್ ಮೇವು ಬೇಕಾದೀತು, ಪಟ್ಟೆಗೆ 60 ಕಿಲೋದ ಮೇಲೆ ಬಂತು. ಅಲಸಂದಿ, ಗೋವಿನಜೋಳಗಳಂತೆ ಬಿತ್ತಿ ಬೆಳೆಯುವವಾದರೆ ಬಿತ್ತನೆಯನ್ನೇ ಮೂರು ಮೂರು ದಿನ ಹಿಂದುಮುಂದು ಮಾಡತಕ್ಕದ್ದು.

ಕೊಯ್ದ ಮೇವನ್ನು ರಾಶಿ ಹಾಕಿ ರಾತ್ರಿಯಿಡೀ ಬಿಡಬಾರದು. ಒಳಗೆ ಕಾವು ಹುಟ್ಟಿ ಸತ್ವ ಸುಟ್ಟುಹೋಗುತ್ತದೆ. ದಿನಕ್ಕೆ ಎರಡು ಸಲ ಕೊಯ್ದು ನೆರಳಿನಲ್ಲಿ ತೆಳ್ಳಗೆ ಹರವುವುದು ಉತ್ತಮ.

ಗ್ವಾದಲಿಯಲ್ಲಿ ಉಳಿದದ್ದು

ಕುರಿಯಷ್ಟು ಆರಿಸಿ ತಿನ್ನುವ ಪ್ರಾಣಿ ಕಡಿಮೆ. ತೆಳ್ಳನೆಯ ಮೂತಿಯಿಂದ ಎಲೆ, ಕುಡಿ ಹೆಕ್ಕಿ ತಿಂದು ದಂಟು ಬಿಡುತ್ತದೆ. ನಾವು ಇಡೀ ಹುಲ್ಲಿನ ಗುಣ ಅಳೆಯಲು ಹೊರಟರೆ ಅದು ಎಲೆಯ ಗುಣ ತೋರಿಸುತ್ತದೆ. ಇದಕ್ಕೆ ಎರಡು ಎಚ್ಚರಿಕೆ ಬೇಕು. ಮೇವನ್ನು ಎರಡು ಬೆರಳಷ್ಟು ಉದ್ದಕ್ಕೆ ಕತ್ತರಿಸಿ ಚೆನ್ನಾಗಿ ಕಲಸಿ ಹಾಕುವುದು ಒಂದು. ಉಳಿದದ್ದನ್ನು ಪ್ರತಿ ಕುರಿಗೆ ಬೇರೆ ಬೇರೆಯಾಗಿ ತೂಗಿ ಒಣಗಿಸುವುದು ಇನ್ನೊಂದು. ಉಳಿದದ್ದರ ಒಣ ಪದಾರ್ಥ ಹಾಕಿದ ಮೇವಿನಷ್ಟೇ ಇರುತ್ತದೆಂದು ಅಂದಾಜಿಸುವುದು ಸರಿಯಲ್ಲ.

ಎಷ್ಟು ಮೇವು ಹಾಕಬೇಕೆಂಬುದಕ್ಕೂ ನಿಯಮವಿದೆ. ಹೊಂದಿಕೊಳ್ಳುವ ಮೊದಲ ವಾರ ಹೊಟ್ಟೆ ತುಂಬ ಹಾಕಿ, ನಿತ್ಯ ಎಷ್ಟು ತಿನ್ನುತ್ತದೆಂದು ನೋಡಿಕೊಳ್ಳಬೇಕು. ತೂಗುವ ದಿನಗಳಲ್ಲಿ ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ದಿನವೂ ಒಂದೇ ಸಮನಾಗಿ ಹಾಕಿದರೆ ಉಳಿಕೆ ಬಹುತೇಕ ಇರುವುದಿಲ್ಲ, ಲೆಕ್ಕ ಸುಲಭ. ಆದರೆ ಕುರಿ ತನ್ನ ಇಚ್ಛೆಯಿಂದ ಎಷ್ಟು ತಿನ್ನುತ್ತದೆ ಎಂಬುದೂ ಬೇಕಾದರೆ, ಹಿಂದಿನ ದಿನ ತಿಂದದ್ದಕ್ಕಿಂತ ನೂರಕ್ಕೆ 10–15ರಷ್ಟು ಹೆಚ್ಚು ಹಾಕಿ ಉಳಿಕೆ ತೂಗುವ ಶ್ರಮ ತಕ್ಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ರೈತನಿಗೆ ಎರಡನೆಯದೇ ಹೆಚ್ಚು ಉಪಯೋಗದ್ದು. ಒಂದು ಮೇವು ನೂರಕ್ಕೆ 70 ಅರಗಿದರೂ ಕುರಿ 700 ಗ್ರಾಂ ಮಾತ್ರ ತಿಂದರೆ ಮೈಗೆ ಸಿಕ್ಕದ್ದು 490 ಗ್ರಾಂ. ನೂರಕ್ಕೆ 60 ಅರಗುವ ಇನ್ನೊಂದನ್ನು 900 ಗ್ರಾಂ ತಿಂದರೆ 540 ಗ್ರಾಂ ಸಿಕ್ಕಿತು. ಟಗರು ಬೆಳೆಯುವುದು ಎರಡನೆಯದರ ಮೇಲೆ.

ಯಾವ ಕುರಿ, ಎಷ್ಟು ಕುರಿ

ಗಂಡು ಕುರಿಗಳೇ ಬೇಕು. ಹೆಣ್ಣು ಕುರಿಯ ಮೂತ್ರ ಹಿಕ್ಕೆಯೊಡನೆ ಬೆರೆತು ತೂಕ ಕೆಡಿಸುತ್ತದೆ. ದಖ್ಖನಿ, ಬಳ್ಳಾರಿ, ಕೆಂಗುರಿ ಯಾವ ತಳಿಯಾದರೂ ಆಗಬಹುದು, ಆದರೆ ಎಲ್ಲವೂ ಒಂದೇ ತಳಿ, ಒಂದೇ ವಯಸ್ಸು, ತೂಕದಲ್ಲಿ ಹತ್ತಿರ ಹತ್ತಿರ ಇರಬೇಕು. ಆರಂಭಕ್ಕೆ ಮೊದಲೇ ಜಂತಿನ ಔಷಧ ಕುಡಿಸಿರಬೇಕು. ಹೊಟ್ಟೆಯಲ್ಲಿ ಹುಳು ತುಂಬಿದ ಕುರಿ ಮೇವಿನ ಗುಣವನ್ನು ಸುಳ್ಳು ಹೇಳುತ್ತದೆ.

ಒಂದು ಕುರಿಯಿಂದ ಏನೂ ತಿಳಿಯದು. ಒಂದೇ ಮೇವನ್ನು ನಾಲ್ಕು ಕುರಿಗೆ ಹಾಕಿದರೆ ಒಂದರಲ್ಲಿ 62, ಇನ್ನೊಂದರಲ್ಲಿ 66 ಬಂದೇ ಬರುತ್ತದೆ. ಅದು ಮೇವಿನ ವ್ಯತ್ಯಾಸವಲ್ಲ, ಕುರಿ ಕುರಿಗಳ ವ್ಯತ್ಯಾಸ. ಆದ್ದರಿಂದ ಪ್ರತಿ ಮೇವಿಗೆ ಕನಿಷ್ಠ ನಾಲ್ಕು, ಸಾಧ್ಯವಾದರೆ ಆರು ಕುರಿ ಇರತಕ್ಕದ್ದು. ಹೊಸ ಹುಲ್ಲಿನ ನಾಲ್ಕು ಕುರಿಗಳಲ್ಲಿ 63, 66, 61, 65 ಬಂದು, ಹಳೆಯ ಹುಲ್ಲಿನಲ್ಲಿ 62, 65, 64, 61 ಬಂದರೆ, ಸರಾಸರಿಯಲ್ಲಿ ತುಸು ಹೆಚ್ಚಿದೆಯೆಂದು ಹೊಸದಕ್ಕೆ ಹಣ ಸುರಿಯಬಾರದು. ಎರಡೂ ಒಂದೇ ಎಂದು ತಿಳಿಯಬೇಕು.

ಕುರಿ ಕಡಿಮೆ ಇದ್ದಾಗ ಒಂದು ಜಾಣ ವ್ಯವಸ್ಥೆಯುಂಟು. ಮೂರು ಕುರಿ, ಮೂರು ಮೇವು, ಮೂರು ಸರದಿ. ಮೊದಲ ಸರದಿಯಲ್ಲಿ ಒಂದನೆಯ ಕುರಿಗೆ ಜೋಳ, ಎರಡನೆಯದಕ್ಕೆ ನೇಪಿಯರ್, ಮೂರನೆಯದಕ್ಕೆ ಕುದುರೆ ಮಸಾಲೆ. ಮುಂದಿನ ಸರದಿಗಳಲ್ಲಿ ಒಂದೊಂದು ಹೆಜ್ಜೆ ಸರಿಸುತ್ತ ಹೋದರೆ ಪ್ರತಿ ಕುರಿಯೂ ಮೂರನ್ನೂ ತಿಂದಿರುತ್ತದೆ, ಪ್ರತಿ ಸರದಿಯಲ್ಲೂ ಮೂರೂ ಮೇವು ಇರುತ್ತದೆ. ಯಾವ ಮೇವಿಗೂ ಹೊಟ್ಟೆಬಾಕ ಕುರಿಯ ಲಾಭವಾಗಲಿ, ಕೆಟ್ಟ ಹವೆಯ ನಷ್ಟವಾಗಲಿ ಒಬ್ಬಂಟಿಯಾಗಿ ತಟ್ಟುವುದಿಲ್ಲ. ಪ್ರತಿ ಸರದಿಗೂ ಹೊಂದಿಕೆಯ ಎರಡು ವಾರ ಕೊಡಬೇಕಾದ್ದರಿಂದ ಕೆಲಸ ಎರಡೂವರೆ ತಿಂಗಳು ಹಿಡಿಯುತ್ತದೆ. ಆರು ಕುರಿಗಳಿದ್ದರೆ ಇದೇ ಕ್ರಮವನ್ನು ಎರಡು ಜೊತೆಯಾಗಿ ನಡೆಸುವುದು ಇನ್ನೂ ಭದ್ರ.

ಹಿಕ್ಕೆ ಹಿಡಿಯುವುದು

ಸಂಸ್ಥೆಗಳಲ್ಲಿ ಕುರಿಗಳನ್ನು ಕಟಾಂಜನದ ಪಂಜರದಲ್ಲಿ ನಿಲ್ಲಿಸುತ್ತಾರೆ, ಇಲ್ಲವೆ ಬೆನ್ನಿಗೆ ಪಟ್ಟಿ ಬಿಗಿದು ಹಿಂದೆ ಕ್ಯಾನ್ವಾಸ್ ಚೀಲ ಕಟ್ಟುತ್ತಾರೆ. ಚೀಲವನ್ನು ಬೆಳಿಗ್ಗೆ ಸಂಜೆ ತಪ್ಪದೆ ಬರಿದು ಮಾಡಬೇಕು. ಪಟ್ಟಿ ಉಜ್ಜಿ ಹುಣ್ಣಾಗದಂತೆ ದಿನವೂ ನೋಡಬೇಕು. ನೋವುಂಡ ಕುರಿ ಮೇವು ಬಿಡುತ್ತದೆ. ಊರಿನಲ್ಲಿ ಸಂದಿಬಿಟ್ಟ ಹಲಗೆಯ ಅಟ್ಟ ಹಾಕಿ ಕೆಳಗೆ ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಹಿಕ್ಕೆ ಬಲೆಯಲ್ಲಿ ನಿಂತು ಮೂತ್ರ ಸೋರಿಹೋಗುತ್ತದೆ. ಎಳೆಯ ಹಸಿರಿನ ಮೇಲೆ ಹಿಕ್ಕೆ ಗುಂಡಾಗಿರದೆ ಮೆತ್ತಗಾಗುವುದರಿಂದ ಆಗ ಚೀಲವೇ ಬೇಕು.

ಇಂದು ತಿಂದದ್ದು ಇಂದೇ ಹೊರಬರುವುದಿಲ್ಲವೆಂಬುದನ್ನು ಮರೆಯಬಾರದು. ಮೇವಿನ ಲೆಕ್ಕ 15ನೆಯ ದಿನದಿಂದ 21ರ ವರೆಗೆ ಹಿಡಿದರೆ, ಹಿಕ್ಕೆಯ ಲೆಕ್ಕವನ್ನು 17ರಿಂದ 23ರ ವರೆಗೆ ಹಿಡಿಯಬೇಕು. ಹಿಕ್ಕೆಯಲ್ಲಿ ಕುರಿಯ ಕರುಳಿನ ಸವೆತವೂ ಸತ್ತ ಸೂಕ್ಷ್ಮ ಜೀವಿಗಳೂ ಸೇರಿರುವುದರಿಂದ ನಮ್ಮ ಉತ್ತರ ನಿಜಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಮೇವು ಮೇವುಗಳನ್ನು ಹೋಲಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಸಸಾರಜನಕದ ಲೆಕ್ಕ ಬೇಕಾದರೆ ಮಾತ್ರ ಬಿಸಿಲಲ್ಲಿ ಒಣಗಿಸಿದ ಹಿಕ್ಕೆ ಪ್ರಯೋಜನಕ್ಕೆ ಬಾರದು, ಹಸಿ ಮಾದರಿ ಪ್ರಯೋಗ ಶಾಲೆಗೇ ಹೋಗಬೇಕು.

ಮೇಯಲು ಬಿಟ್ಟ ಕುರಿಯ ವಿಷಯದಲ್ಲಿ ತಿಂದದ್ದನ್ನು ತೂಗುವಂತಿಲ್ಲ. ಅಲ್ಲಿ ಅರಗದ ಒಂದು ಪದಾರ್ಥವನ್ನು ಗುರುತಾಗಿ ಹಿಡಿಯುತ್ತಾರೆ. ಮೇವಿನಲ್ಲಿ ಅದು ನೂರಕ್ಕೆ 2 ಇದ್ದು ಹಿಕ್ಕೆಯಲ್ಲಿ 6 ಆಗಿದ್ದರೆ, ಉಳಿದದ್ದೆಲ್ಲ ಅರಗಿ ಮೂರರಲ್ಲಿ ಒಂದು ಪಾಲು ಮಾತ್ರ ಹೊರಬಂದಿದೆ ಎಂದಾಯಿತು, ಅಂದರೆ ನೂರಕ್ಕೆ ಸುಮಾರು 67 ಅರಗಿದೆ. ಹುಲ್ಲಿನ ಬೂದಿಯಲ್ಲಿ ಆಮ್ಲಕ್ಕೆ ಕರಗದೆ ಉಳಿಯುವ ಅಂಶವನ್ನು ಹೀಗೆ ಬಳಸುವುದುಂಟು. ಆದರೆ ಬೇಸಗೆಯಲ್ಲಿ ನಮ್ಮ ಕುರಿಗಳು ಮೋಟು ಹುಲ್ಲಿನೊಡನೆ ಮಣ್ಣನ್ನೂ ತಿನ್ನುತ್ತವೆ, ಆ ಮಣ್ಣು ಈ ಲೆಕ್ಕವನ್ನು ಪೂರಾ ಕೆಡಿಸುತ್ತದೆ. 1963ರಲ್ಲಿ ಇಂಗ್ಲೆಂಡಿನ ಟಿಲ್ಲಿ ಮತ್ತು ಟೆರಿ ಎಂಬುವರು ಕುರಿಯ ಹೊಟ್ಟೆಯ ರಸವನ್ನು ಗಾಜಿನ ನಳಿಗೆಯಲ್ಲಿಟ್ಟು ಅದರಲ್ಲಿಯೇ ಮೇವನ್ನು ಅರಗಿಸುವ ಪದ್ಧತಿಯನ್ನು ಪ್ರಕಟಿಸಿದರು. ನೂರಾರು ಹುಲ್ಲುಗಳನ್ನು ಬೇಗ ಜರಡಿ ಹಿಡಿಯಲು ಅದು ಅನುಕೂಲ, ಆದರೆ ಕುರಿ ಆ ಹುಲ್ಲನ್ನು ಎಷ್ಟು ತಿಂದೀತು ಎಂಬುದನ್ನು ನಳಿಗೆ ಹೇಳಲಾರದು.

ಪ್ರಯೋಗದ ಉತ್ಸಾಹದಲ್ಲಿ ಕುರಿಯ ಜೀವಕ್ಕೆ ಅಪಾಯ ತರಬಾರದು. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆ ತಪ್ಪಿ ಬಾಡಿದ್ದರಲ್ಲಿ ಮತ್ತು ಕೂಳೆಯಿಂದ ಚಿಗಿತದ್ದರಲ್ಲಿ, ಹೈಡ್ರೊಸಯನಿಕ್ ಆಮ್ಲವೆಂಬ ವಿಷ ಹುಟ್ಟುತ್ತದೆ. ಹೂ ಬರುವ ಮೊದಲು ಅದನ್ನು ಹಾಕಕೂಡದು. ಹಸಿದ ಕುರಿಗೆ ಇಬ್ಬನಿ ತೊಯ್ದ ಕುದುರೆ ಮಸಾಲೆಯನ್ನು ಒಮ್ಮೆಲೇ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ. ಹೊಸ ಮೇವನ್ನು ಮೊದಲ ದಿನ ಕಾಲು ಪಾಲು, ನಾಲ್ಕೈದು ದಿನದಲ್ಲಿ ಪೂರ್ಣ ಪಾಲು ಮಾಡುತ್ತ ಬರಬೇಕು. ಕುಡಿಯುವ ನೀರು, ಉಪ್ಪು ಸದಾ ಎದುರಿಗಿರಲಿ.

ಒಬ್ಬೊಬ್ಬರೇ ಇದನ್ನು ಮಾಡುವುದು ಕಷ್ಟ. ನಾಲ್ಕೈದು ಮಂದಿ ಕುರಿ ಸಾಕುವವರು ಕೂಡಿ, 5 ಗ್ರಾಂವರೆಗೆ ಸರಿಯಾಗಿ ತೋರಿಸುವ ಒಂದು ತಕ್ಕಡಿ ಕೊಂಡು, ಒಬ್ಬರ ಹಟ್ಟಿಯಲ್ಲಿ ಅಟ್ಟ ಕಟ್ಟಿದರೆ ಕೆಲಸ ಸಾಗುತ್ತದೆ. ಬಿಸಿಲು ಸ್ಥಿರವಾಗಿರುವ ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಇದಕ್ಕೆ ತಕ್ಕವು. ನೇಪಿಯರ್ ಪಟ್ಟೆಗಳನ್ನು ಕೊಯ್ದು ಬಿಡುವ ಕೆಲಸ ಅದಕ್ಕೂ ಒಂದೂವರೆ ತಿಂಗಳ ಮುಂಚೆ ಆಗಬೇಕು. ತೂಕದ ಪಟ್ಟಿಯನ್ನು ಶಾಲೆಗೆ ಹೋಗುವ ಮಕ್ಕಳು ಚೆನ್ನಾಗಿ ಬರೆಯಬಲ್ಲರು. ಆರಂಭಿಸುವ ಮೊದಲು ಊರ ಪಶು ಆಸ್ಪತ್ರೆಯ ವೈದ್ಯರಿಗೆ ಕುರಿಗಳನ್ನು ತೋರಿಸಿರಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ ವಿಚಾರಿಸಿ, ಒಣಗಿಸಿದ ಮಾದರಿಗಳ ಪರೀಕ್ಷೆಗೆ ಏನು ವ್ಯವಸ್ಥೆಯಿದೆ, ಎಷ್ಟು ಮಾದರಿ ಹೇಗೆ ಕಟ್ಟಿ ತರಬೇಕು ಎಂಬುದನ್ನು ಮೊದಲೇ ಕೇಳಿಕೊಂಡಿರಿ. ಚೀಲದ ಮೇಲೆ ಕುರಿಯ ಗುರುತು, ತಾರೀಖು, ಮೇವೋ ಉಳಿಕೆಯೋ ಹಿಕ್ಕೆಯೋ ಎಂಬುದನ್ನು ಸೀಸದ ಕಡ್ಡಿಯಿಂದ ಬರೆಯಿರಿ. ಮಸಿ ತೇವಕ್ಕೆ ಅಳಿಸಿಹೋಗುತ್ತದೆ.